‘ಧೋಲ್’ ಪದದ ರಚನೆ, ಉಚ್ಚಾರಣೆ ಮತ್ತು ಅರ್ಥ: ಕನ್ನಡದ ‘ತೋಳ’ವೇ ಮೂಲವೆಂಬ ಊಹೆಯ ಪರಿಶೀಲನೆ

ಸಾರಾಂಶ

ಸೀಳುನಾಯಿಯನ್ನು ಸೂಚಿಸುವ ‘ಧೋಲ್’ ಇಂಗ್ಲಿಷಿನ ವಿರಳಪದಗಳಲ್ಲಿ ಒಂದು. ಇದು ಕನ್ನಡದ ‘ತೋಳ’ ಶಬ್ದದಿಂದ ಬಂದಿರಬಹುದೆಂದು ಮೆರಿಯಮ್-ವೆಬ್‌ಸ್ಟರ್ ನಿಘಂಟು ಊಹಿಸಿದೆ. ಪ್ರಸ್ತುತ ಲೇಖನವು ಈ ಪದದ ಬರಹ, ಆಕೃತಿ, ಉಚ್ಚಾರಣೆ ಮತ್ತು ಅರ್ಥಗಳನ್ನು ವಿವರಿಸಿ, ಆ ಊಹೆಯನ್ನು ಧ್ವನಿ, ಅರ್ಥ, ಕಾಲ ಮತ್ತು ದೇಶ ಎಂಬ ನಾಲ್ಕು ನೆಲೆಗಳಲ್ಲಿ ಪರೀಕ್ಷಿಸುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿ ಪರಿಸರದ ಆಡುಮಾತಿನ ‘ತ್ವಾಳ’ ರೂಪವನ್ನು ಇಲ್ಲಿ ಮುಖ್ಯ ಸಾಕ್ಷ್ಯವಾಗಿ ಬಳಸಲಾಗಿದೆ. ಕನ್ನಡಮೂಲವು ಸಾಧ್ಯವಾದರೂ ಸಿದ್ಧವಾಗಿಲ್ಲವೆಂಬುದು ನಮ್ಮ ನಿಲುವು.

ಕೀಲಿಪದಗಳು: ವ್ಯುತ್ಪತ್ತಿ, ಎರವಲು ಪದ, ಘೋಷಾರಂಭ ಕಾಲ, ಮಧ್ಯಸ್ವರಗಳ ಅವನತಿ, ಧಾರವಾಡ ಕನ್ನಡ, ಅರ್ಥಪಲ್ಲಟ

1. ಪೀಠಿಕೆ

ಇಂಗ್ಲಿಷಿಗೆ ಕನ್ನಡ ಕೊಟ್ಟ ಪದಗಳಾವುವು ಎಂಬ ಪ್ರಶ್ನೆ ತರಗತಿಯಲ್ಲಿ ಎದ್ದಾಗಲೆಲ್ಲ ‘ಧೋಲ್’ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ನಿಘಂಟಿನಲ್ಲಿ ಆ ವ್ಯುತ್ಪತ್ತಿಯ ಹಿಂದೆ ‘ಬಹುಶಃ’ ಎಂಬ ಮಾತಿದೆ. ಒಬ್ಬರಿಂದ ಒಬ್ಬರಿಗೆ ದಾಟುವಾಗ ಆ ‘ಬಹುಶಃ’ ಕಳಚಿ ಬೀಳುತ್ತದೆ. ಉಳಿಯುವುದು ‘ಇದು ನಮ್ಮ ಪದ’ ಎಂಬ ಹೆಮ್ಮೆ ಮಾತ್ರ. ವ್ಯುತ್ಪತ್ತಿಶಾಸ್ತ್ರದಲ್ಲಿ ಒಂದು ಕ್ರಿಯಾವಿಶೇಷಣದ ಲೋಪವೂ ಗಂಭೀರವಾದ ಲೋಪವೇ. ಆದ್ದರಿಂದ ಆ ‘ಬಹುಶಃ’ ಎಷ್ಟು ಭಾರ ಹೊರಬಲ್ಲದೆಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಪರಿಶೀಲನೆಗೆ ಕಲಘಟಗಿಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಧಾರವಾಡ ಜಿಲ್ಲೆಯ ಬಯಲುಸೀಮೆ ಪಶ್ಚಿಮಕ್ಕೆ ಸರಿದಂತೆ ಮಲೆನಾಡಿಗೆ ತಿರುಗುವ ಅಂಚಿನಲ್ಲಿ ಈ ತಾಲ್ಲೂಕಿದೆ. ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆಗೆ ಹೋಗುವ ದಾರಿ ಇದರ ಮೂಲಕವೇ ಸಾಗುತ್ತದೆ. ತೋಳವು ಮುಖ್ಯವಾಗಿ ಬಯಲಿನ ಪ್ರಾಣಿ, ಕುರಿಗಾಹಿಗಳ ಹಳೆಯ ವೈರಿ. ಸೀಳುನಾಯಿ ಕಾಡಿನ ಪ್ರಾಣಿ, ನೆರೆಯ ಉತ್ತರ ಕನ್ನಡದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇಂದಿಗೂ ಇದೆ. ಎರಡೂ ಪ್ರಾಣಿಗಳ ನೆಲೆಗಳು ಹತ್ತಿರವಾಗುವ ಇಂಥ ಗಡಿಯಲ್ಲಿ ಎರಡರ ಹೆಸರುಗಳೂ ಪರೀಕ್ಷೆಗೆ ಒಳಗಾಗುತ್ತವೆ. ಇಲ್ಲಿನ ಆಡುಮಾತಿನ ಒಂದು ಧ್ವನಿನಿಯಮವೂ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ.

2. ರಚನೆ: ಬರಹ ಮತ್ತು ಆಕೃತಿ

ಇಂಗ್ಲಿಷಿನಲ್ಲಿ ಈ ಪದವನ್ನು ಡಿ, ಎಚ್, ಓ, ಎಲ್, ಇ ಎಂಬ ಐದು ಅಕ್ಷರಗಳಿಂದ ಬರೆಯುತ್ತಾರೆ. ಕೇಳಿಬರುವ ಧ್ವನಿಮಾಗಳು ಮೂರೇ. ಎಚ್ ಮತ್ತು ಇ ಉಚ್ಚಾರವಾಗುವುದಿಲ್ಲ. ಆದರೂ ಬರಹದಲ್ಲಿ ಇವೆರಡಕ್ಕೂ ಕೆಲಸವಿದೆ. ಎಚ್ ಇಲ್ಲದೆ ಬರೆದರೆ ಅದು ನಿರುದ್ಯೋಗಿಗಳಿಗೆ ಸಿಗುವ ಭತ್ಯೆಯನ್ನು ಸೂಚಿಸುವ ‘ಡೋಲ್’ ಆಗುತ್ತದೆ. ಕೊನೆಯ ಇ ಬಿಟ್ಟರೆ ಪಂಜಾಬಿನ ವಾದ್ಯವಾದ ‘ಢೋಲ್’ ಆಗುತ್ತದೆ. ಇಂಗ್ಲಿಷರ ಬಾಯಲ್ಲಿ ಮೂರೂ ಒಂದೇ ಬಗೆಯಾಗಿ ಕೇಳಿಸಬಲ್ಲವು. ಬರಹ ಮಾತ್ರ ಭತ್ಯೆ, ವಾದ್ಯ, ಪ್ರಾಣಿ ಎಂದು ಅವುಗಳನ್ನು ಬೇರ್ಪಡಿಸುತ್ತದೆ.

ಪದಾದಿಯ ಎಚ್ ಬಗೆಗೆ ಇನ್ನೊಂದು ಮಾತು ಹೇಳಬೇಕು. ‘ಧೋಬಿ’ಯಂಥ ಪದಗಳಲ್ಲಿ ಅದು ಹಿಂದಿಯ ನಿಜವಾದ ಮಹಾಪ್ರಾಣವನ್ನು ಸೂಚಿಸುತ್ತದೆ. ಆದರೆ ಬೇಳೆ ಎಂಬರ್ಥದ ಹಿಂದಿಯ ‘ದಾಲ್’ ಪದದಲ್ಲಿ ಮಹಾಪ್ರಾಣವಿಲ್ಲ. ಬ್ರಿಟಿಷ್ ಬರಹದಲ್ಲಿ ಅಲ್ಲಿಯೂ ಎಚ್ ಬಂದು ಕೂತಿದೆ. ಅರಬ್ಬೀ ಹಡಗನ್ನು ಸೂಚಿಸುವ ‘ಧೌ’ ಪದದಲ್ಲಿಯೂ ಹೀಗೆಯೇ. ಅಂದರೆ ಡಿ-ಎಚ್ ಜೋಡಿ ಎಷ್ಟೋ ಕಡೆ ಪದವು ಪೂರ್ವದೇಶದ್ದೆಂದು ತೋರಿಸುವ ಗುರುತಾಗಿ ಬಳಕೆಯಾಗಿದೆ. ಆದ್ದರಿಂದ ಈ ಎಚ್ ಆಧಾರದ ಮೇಲೆ ಮೂಲರೂಪದಲ್ಲಿ ಮಹಾಪ್ರಾಣವಿತ್ತೆಂದಾಗಲಿ ಇರಲಿಲ್ಲವೆಂದಾಗಲಿ ಸಾಧಿಸಲು ಬರುವುದಿಲ್ಲ.

ಆಕೃತಿಮಾದ ದೃಷ್ಟಿಯಿಂದ ಇದು ಒಂಟಿ ಆಕೃತಿಮಾದ ನಾಮಪದ. ಬಹುವಚನಕ್ಕೆ ವಾಡಿಕೆಯ ಎಸ್ ಪ್ರತ್ಯಯ ಸೇರುತ್ತದೆ. ಅದೇ ಪ್ರಾಣಿಗೆ ಇಂಗ್ಲಿಷಿನಲ್ಲಿರುವ ಬೇರೆ ಹೆಸರುಗಳು ‘ಕಾಡಿನ ನಾಯಿ’, ‘ಕೆಂಪು ನಾಯಿ’, ‘ಸಿಳ್ಳೆ ಹಾಕುವ ನಾಯಿ’ ಎಂಬ ಅರ್ಥದ ಪಾರದರ್ಶಕ ಸಮಾಸಗಳು. ಕನ್ನಡದಲ್ಲಿಯೂ ವ್ಯವಸ್ಥೆ ಇದೇ. ‘ಸೀಳುನಾಯಿ’ಯಲ್ಲಿ ಧಾತುವಿಗೆ ನಾಮಪದ ಸೇರಿದೆ, ‘ಕೆನ್ನಾಯಿ’ಯಲ್ಲಿ ಕೆಂಪೆಂಬ ಗುಣವಾಚಿಯ ಸಂಕ್ಷಿಪ್ತ ರೂಪವು ನಕಾರದ ಮುಂದೆ ‘ಕೆನ್’ ಆಗಿ ನಿಂತಿದೆ, ‘ಕಾಡುನಾಯಿ’ಯಲ್ಲಿ ನೆಲೆಯೇ ವಿಶೇಷಣವಾಗಿದೆ. ಮೂರರಲ್ಲಿಯೂ ಶಿರೋಪದ ‘ನಾಯಿ’. ಈ ಪ್ರಾಣಿಗೆ ಕನ್ನಡದಲ್ಲಿ ರೂಢವಾಗಿರುವ ಈ ಹೆಸರುಗಳಲ್ಲಿ ಒಂದರಲ್ಲಿಯೂ ‘ತೋಳ’ ಶಿರೋಪದವಾಗಿಲ್ಲವೆಂಬುದನ್ನು ಮುಂದಿನ ಚರ್ಚೆಗಾಗಿ ಗುರುತಿಸಿಕೊಳ್ಳೋಣ.

3. ಉಚ್ಚಾರಣೆ

ನಮ್ಮ ವಿದ್ಯಾರ್ಥಿಗಳು ಮೊದಲ ಬಾರಿಗೆ ಈ ಪದವನ್ನು ಕಂಡಾಗ ಸಾಮಾನ್ಯವಾಗಿ ‘ಧೋಲೆ’ ಎಂದು ಎರಡು ಅಕ್ಷರಗಳಾಗಿ ಓದುತ್ತಾರೆ. ಇಂಗ್ಲಿಷಿನಲ್ಲಿ ಇದು ಏಕಾಕ್ಷರ ಪದ. ರಂಧ್ರವನ್ನು ಸೂಚಿಸುವ ‘ಹೋಲ್’, ಕಂಬವನ್ನು ಸೂಚಿಸುವ ‘ಪೋಲ್’ ಪದಗಳೊಡನೆ ಪ್ರಾಸವಾಗುತ್ತದೆ. ಆದಿಯ ವ್ಯಂಜನ ವರ್ತ್ಸ್ಯ ಘೋಷಸ್ಪರ್ಶ. ಸ್ವರ ಇಂದಿನ ಪ್ರಮಾಣ ಉಚ್ಚಾರಣೆಯಲ್ಲಿ ಸಂಧ್ಯಕ್ಷರ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ಇನ್ನೂ ದೀರ್ಘ ಏಕಸ್ವರಕ್ಕೆ ಹತ್ತಿರವಾಗಿತ್ತು. ಕೊನೆಯ ಪಾರ್ಶ್ವಿಕವು ನಾಲಗೆಯ ಹಿಂಭಾಗ ಮೇಲೆದ್ದು ಉಂಟಾಗುವ ‘ಗಾಢ’ ಲಕಾರ.

ಬರಹದಲ್ಲಿ ಮಹಾಪ್ರಾಣ, ಬಾಯಲ್ಲಿ ಅಲ್ಪಪ್ರಾಣ ಎಂಬ ಸ್ಥಿತಿ ಕನ್ನಡಿಗರಿಗೆ ಹೊಸದಲ್ಲ. ‘ಧಾರವಾಡ’ ಎಂದು ಬರೆಯುವ ಜಿಲ್ಲೆಯಲ್ಲಿಯೇ ಆಡುಮಾತಿನಲ್ಲಿ ‘ದಾರವಾಡ’ ಎಂದು ಕೇಳಿಬರುತ್ತದೆ. ಆದರೆ ಈ ಪದವನ್ನು ಕನ್ನಡ ಲಿಪಿಗೆ ತರುವಾಗ ಒಂದು ತೊಡಕಿದೆ. ಇಂಗ್ಲಿಷಿನ ವರ್ತ್ಸ್ಯ ಡಕಾರವನ್ನು ನಾವು ಮೂರ್ಧನ್ಯವಾಗಿ ಸ್ವೀಕರಿಸುತ್ತೇವೆ. ‘ಡಾಕ್ಟರ್’, ‘ಡಬ್ಬಲ್’ ಇದಕ್ಕೆ ಸಾಕ್ಷಿ. ಉಚ್ಚಾರಣೆಯನ್ನು ಅನುಸರಿಸಿದರೆ ‘ಡೋಲ್’ ಎಂದೂ ಬರಹವನ್ನು ಅನುಸರಿಸಿದರೆ ‘ಧೋಲ್’ ಎಂದೂ ಬರೆಯಬೇಕಾಗುತ್ತದೆ. ಕನ್ನಡದ ವನ್ಯಜೀವಿ ಬರಹಗಳಲ್ಲಿ ಕಾಣಸಿಗುವ ಎರಡನೆಯ ರೂಪವನ್ನೇ ನಾವು ಇಲ್ಲಿ ಇಟ್ಟುಕೊಂಡಿದ್ದೇವೆ.

4. ‘ತೋಳ’ದಿಂದ ‘ಧೋಲ್’: ನಾಲ್ಕು ಧ್ವನಿಗಳ ಲೆಕ್ಕ

‘ತೋಳ’ ಪದದಲ್ಲಿ ನಾಲ್ಕು ಧ್ವನಿಗಳಿವೆ: ದಂತ್ಯ ತಕಾರ, ದೀರ್ಘ ಓಕಾರ, ಮೂರ್ಧನ್ಯ ಳಕಾರ ಮತ್ತು ಹ್ರಸ್ವ ಅಕಾರ. ಊಹೆ ನಿಲ್ಲಬೇಕಾದರೆ ನಾಲ್ಕಕ್ಕೂ ಲೆಕ್ಕ ಒಪ್ಪಿಸಬೇಕು.

*4.1 ಓಕಾರ ಮತ್ತು ಳಕಾರ.* ಇವೆರಡರಲ್ಲಿ ತೊಂದರೆಯಿಲ್ಲ. ದೀರ್ಘ ಓಕಾರಕ್ಕೆ ಅಂದಿನ ಇಂಗ್ಲಿಷಿನಲ್ಲಿ ಹತ್ತಿರದ ಸಂವಾದಿ ಇತ್ತು. ಮೂರ್ಧನ್ಯ ಳಕಾರವಿಲ್ಲದ ಇಂಗ್ಲಿಷ್ ಅದನ್ನು ಲಕಾರವಾಗಿಯೇ ಸ್ವೀಕರಿಸುತ್ತದೆ. ಬೆಂಗಳೂರು, ಮಂಗಳೂರು, ಬೆಳಗಾವಿಗಳ ಇಂಗ್ಲಿಷ್ ರೂಪಗಳಲ್ಲಿ ಇದನ್ನು ಕಾಣಬಹುದು.

*4.2 ಅಂತ್ಯದ ಅಕಾರ.* ಕನ್ನಡದಿಂದ ನೇರವಾಗಿ ಬಂದಿದ್ದರೆ ಅಕಾರ ಉಳಿಯುವ ಸಂಭವವೇ ಹೆಚ್ಚು. ಆದರೆ ಪದವು ದಖ್ಖನಿ ಅಥವಾ ಹಿಂದೂಸ್ತಾನಿ ಮಾತಾಡುವ ದುಭಾಷಿ, ಸಿಪಾಯಿ ಅಥವಾ ಬೇಟೆಯ ಆಳಿನ ಬಾಯಿಂದ ದಾಟಿದ್ದರೆ ಕೊನೆಯ ಹ್ರಸ್ವ ಅಕಾರ ಬೀಳುವುದು ಸಹಜ. ಆ ಭಾಷೆಗಳಲ್ಲಿ ಪದಾಂತ್ಯದ ಅಕಾರಲೋಪ ನಿಯತವಾದುದು. ಈ ಹಂತದಲ್ಲಿ ಮಧ್ಯವರ್ತಿ ಭಾಷೆಯೊಂದನ್ನು ಕಲ್ಪಿಸಿಕೊಳ್ಳುವುದು ಊಹೆಗೆ ಅನುಕೂಲ.

*4.3 ಆದಿಯ ತಕಾರ.* ನಿಜವಾದ ತೊಡಕು ಇಲ್ಲಿದೆ. ಮೇಲ್ನೋಟಕ್ಕೆ ಒಂದು ಸಮರ್ಥನೆ ಸಿಗುತ್ತದೆ. ಲಿಸ್ಕರ್ ಮತ್ತು ಅಬ್ರಾಮ್ಸನ್ 1964ರಲ್ಲಿ ಹಿಂದಿ, ಮರಾಠಿ, ತಮಿಳು ಸೇರಿದಂತೆ ಹನ್ನೊಂದು ಭಾಷೆಗಳ ಸ್ಪರ್ಶಗಳನ್ನು ಅಳೆದು ಘೋಷಾರಂಭ ಕಾಲದ ಪರಿಕಲ್ಪನೆಯನ್ನು ನೆಲೆಗೊಳಿಸಿದರು. ಇಂಗ್ಲಿಷಿನಲ್ಲಿ ಪದಾದಿಯ ಟಕಾರ ಉಸಿರಿನಿಂದ ಕೂಡಿರುತ್ತದೆ. ಡಕಾರ ಎಷ್ಟೋ ಸಲ ಘೋಷವಿಲ್ಲದೆಯೇ, ಅಲ್ಪವಿಳಂಬದಲ್ಲಿ ಉಚ್ಚಾರವಾಗುತ್ತದೆ. ಆದ್ದರಿಂದ ಉಸಿರಿಲ್ಲದ ನಮ್ಮ ತಕಾರವು ಇಂಗ್ಲಿಷ್ ಕಿವಿಗೆ ಡಕಾರದಂತೆ ಕೇಳಿಸಬಲ್ಲದು. ಧ್ವನಿಶಾಸ್ತ್ರದ ದೃಷ್ಟಿಯಿಂದ ಇದು ಸಾಧ್ಯ.

ಆದರೆ ಸಾಧ್ಯವಾದುದೆಲ್ಲ ರೂಢಿಯಾಗಿಲ್ಲ. ಇದೇ ಸಂಪರ್ಕಕಾಲದಲ್ಲಿ ಭಾರತದ ಭಾಷೆಗಳಿಂದ ಇಂಗ್ಲಿಷಿಗೆ ಹೋದ ತಕಾರಾದಿ ಪದಗಳನ್ನು ನೋಡೋಣ. ಹಿಂದಿಯ ‘ತಾಡಿ’ ಇಂಗ್ಲಿಷಿನಲ್ಲಿ ‘ಟಾಡಿ’ ಆಯಿತು. ತಾಲ್ಲೂಕು, ತಹಶೀಲ್ದಾರ, ತುಮಕೂರು, ತಂಜಾವೂರುಗಳೆಲ್ಲ ಟಿ ಅಕ್ಷರವನ್ನೇ ಪಡೆದವು. ಇವುಗಳಲ್ಲಿ ನಮ್ಮ ಪಾಲಿಗೆ ಅತ್ಯಂತ ಮಹತ್ವದ್ದು ಚಿನ್ನ ತೂಗುವ ‘ತೊಲ’. ಹಿಂದಿಯ ‘ತೋಲಾ’ ಧ್ವನಿರೂಪದಲ್ಲಿ ‘ತೋಳ’ಕ್ಕೆ ತೀರ ಹತ್ತಿರ. ಇಂಗ್ಲಿಷಿನಲ್ಲಿ ಅದು ‘ಟೋಲಾ’ ಆಗಿ, ಆದಿಯ ಅಘೋಷವನ್ನೂ ಅಂತ್ಯದ ಸ್ವರವನ್ನೂ ಉಳಿಸಿಕೊಂಡಿತು. ಒಂದೇ ಕಿವಿ ‘ತೋಲಾ’ವನ್ನು ‘ಟೋಲಾ’ ಎಂದೂ ‘ತೋಳ’ವನ್ನು ‘ಧೋಲ್’ ಎಂದೂ ಕೇಳಿಸಿಕೊಂಡಿತೆನ್ನಲು ವಿಶೇಷ ಕಾರಣ ಬೇಕು.

ಮಲಯಾಳದ ‘ತೇಕ್ಕ್’ ಇಂಗ್ಲಿಷಿನ ‘ಟೀಕ್’ ಆದುದನ್ನೂ ಸಾಕ್ಷ್ಯವಾಗಿ ಕೊಡಬಹುದೆನಿಸುತ್ತದೆ. ಆದರೆ ಅದು ಪೋರ್ಚುಗೀಸಿನ ಮೂಲಕ ಬಂದ ಪದ. ಪೋರ್ಚುಗೀಸಿನ ತಕಾರಕ್ಕೂ ಉಸಿರಿಲ್ಲವಾದ್ದರಿಂದ ಅಲ್ಲಿ ಗೊಂದಲಕ್ಕೆ ಅವಕಾಶವೇ ಇರಲಿಲ್ಲ. ಅದನ್ನು ಈ ಲೆಕ್ಕದಿಂದ ಹೊರಗಿಡುವುದು ನ್ಯಾಯ. ಹಾಗೆಯೇ 4.2ರಲ್ಲಿ ನೆರವಾದ ಮಧ್ಯವರ್ತಿ ಭಾಷೆ ಇಲ್ಲಿ ನೆರವಾಗುವುದಿಲ್ಲ. ದಖ್ಖನಿಯಲ್ಲಿಯೂ ಹಿಂದೂಸ್ತಾನಿಯಲ್ಲಿಯೂ ತ, ಥ, ದ, ಧ ನಾಲ್ಕೂ ಬೇರೆ ಬೇರೆ ಧ್ವನಿಮಾಗಳು. ಆ ಭಾಷಿಕರು ತಕಾರವನ್ನು ದಕಾರವಾಗಿಯೋ ಧಕಾರವಾಗಿಯೋ ಕೇಳಿಸಿಕೊಳ್ಳುವ ಸಂಭವ ಕಡಮೆ. ಅಂತ್ಯಲೋಪಕ್ಕೆ ಮಧ್ಯವರ್ತಿ ಬೇಕು, ಆದಿಯ ಘೋಷಕ್ಕೆ ಮಧ್ಯವರ್ತಿ ಇರಬಾರದು: ಊಹೆಯ ಒಳಗೇ ಇರುವ ಬಿಕ್ಕಟ್ಟು ಇದು. ತೆಲುಗಿನಲ್ಲಿ ತೋಳಕ್ಕಿರುವ ‘ತೋಡೇಲು’ ಪದವೂ ತಕಾರಾದಿಯೇ ಆದ್ದರಿಂದ ಆ ಕಡೆಯಿಂದಲೂ ಘೋಷಾದಿಗೆ ಬೆಂಬಲ ದೊರೆಯುವುದಿಲ್ಲ.

5. ಕಲಘಟಗಿಯ ‘ತ್ವಾಳ’

ಇದುವರೆಗಿನ ಚರ್ಚೆ ಗ್ರಂಥಸ್ಥ ರೂಪವಾದ ‘ತೋಳ’ವನ್ನು ಆಧರಿಸಿತ್ತು. ಎರವಲು ಪದಗಳು ಹೆಚ್ಚಾಗಿ ಬಾಯಿಂದ ಕಿವಿಗೆ ದಾಟುತ್ತವೆ. ಕಲಘಟಗಿ ಸೇರಿದಂತೆ ಧಾರವಾಡ ಸೀಮೆಯ ಆಡುಮಾತಿನಲ್ಲಿ ಈ ಪ್ರಾಣಿ ‘ತ್ವಾಳ’.

ಇದು ಒಂಟಿ ಪದದ ವೈಚಿತ್ರ್ಯವಲ್ಲ, ನಿಯಮಬದ್ಧವಾದ ಬದಲಾವಣೆ. ಮುಂದಿನ ಅಕ್ಷರದಲ್ಲಿ ಉನ್ನತವಲ್ಲದ ಸ್ವರವಿದ್ದಾಗ ಹಿಂದಿನ ಮಧ್ಯಸ್ವರ ಕೆಳಗಿಳಿಯುತ್ತದೆ: ತೋಟ ‘ತ್ವಾಟ’ವಾಗುತ್ತದೆ, ಕೋಣ ‘ಕ್ವಾಣ’, ಬೇಡ ‘ಬ್ಯಾಡ’. ಮುಂದೆ ಇಕಾರವೋ ಉಕಾರವೋ ಇದ್ದರೆ ಸ್ವರ ಹಾಗೆಯೇ ನಿಲ್ಲುತ್ತದೆ: ಕೋಳಿ ‘ಕೋಳಿ’ಯೇ, ನೋಡು ‘ನೋಡು’ವೇ. ಒಂದೇ ಧಾತುವಿನ ರೂಪಗಳಲ್ಲಿಯೂ ಈ ಭೇದವಿದೆ. ‘ಹೋಗು’ ಎನ್ನುವವರೇ ಭೂತಕಾಲದಲ್ಲಿ ‘ಹ್ವಾದ’ ಎನ್ನುತ್ತಾರೆ. ಗೋಡೆ, ದೋಸೆಗಳು ‘ಗ್ವಾಡಿ’, ‘ದ್ವಾಸಿ’ ಆಗುವಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅಂತ್ಯದ ಎಕಾರವು ಇಕಾರವಾಗಿರುವುದರಿಂದ ಅವನತಿಗೆ ಕಾರಣವಾದ ಪರಿಸರ ಮೇಲ್ಪದರದಲ್ಲಿ ಮರೆಯಾಗಿದೆ. ಪರಿಣಾಮ ಮಾತ್ರ ಉಳಿದಿದೆ. ನಿಯಮಗಳ ಅಪಾರದರ್ಶಕತೆಗೆ ಇದು ಒಳ್ಳೆಯ ಉದಾಹರಣೆ.

ಈ ನಿಯಮದ ಫಲವಾಗಿ ಬಾಹುವನ್ನು ಸೂಚಿಸುವ ‘ತೋಳು’ ಮತ್ತು ಪ್ರಾಣಿಯನ್ನು ಸೂಚಿಸುವ ‘ತ್ವಾಳ’ ಮೊದಲ ಅಕ್ಷರದಲ್ಲಿಯೇ ಬೇರೆಯಾಗುತ್ತವೆ. ನಮ್ಮ ಪ್ರಶ್ನೆಗೆ ಇದರ ಪರಿಣಾಮ ನೇರವಾದುದು. ಧಾರವಾಡ ಸೀಮೆಯ ಹಳ್ಳಿಗರ ಬಾಯಿಂದ ಈ ಪದವನ್ನು ಕೇಳಿದ ಇಂಗ್ಲಿಷನೊಬ್ಬ ಟಕಾರಕ್ಕೆ ವಕಾರ ಸೇರಿದ ಸಂಯುಕ್ತವನ್ನು ಬರೆದಿರಬೇಕು. ಅಂಥ ಸಂಯುಕ್ತ ಇಂಗ್ಲಿಷಿಗೂ ಪರಿಚಿತ. ‘ಧೋಲ್’ ಪದದಲ್ಲಿ ಆ ವಕಾರದ ಸುಳಿವಿಲ್ಲ, ಅವನತ ಸ್ವರದ ಸುಳಿವೂ ಇಲ್ಲ.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ಮೊದಲನೆಯದು, ಇಂದಿನ ಆಡುಮಾತಿನ ರೂಪವನ್ನು ಇನ್ನೂರು ವರ್ಷ ಹಿಂದಕ್ಕೆ ಒಯ್ಯುವಾಗ ಅದರ ಪ್ರಾಚೀನತೆಯನ್ನು ಸ್ವತಂತ್ರವಾಗಿ ತೋರಿಸಬೇಕು. ಎರಡನೆಯದು, ಮಧ್ಯಸ್ವರಗಳ ಅವನತಿ ಧಾರವಾಡಕ್ಕೆ ಸೀಮಿತವಲ್ಲ. ಹಳೆ ಮೈಸೂರಿನ ಗ್ರಾಮೀಣ ಮಾತಿನಲ್ಲಿಯೂ ‘ಬ್ಯಾಡ’, ‘ತ್ವಾಟ’ಗಳಿವೆ. ಹಾಗಾಗಿ ‘ತ್ವಾಳ’ದ ಸಾಕ್ಷ್ಯವು ಕನ್ನಡಮೂಲವನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. ಪದ ಕನ್ನಡದಿಂದ ಹೋಗಿದ್ದರೆ ಓಕಾರವನ್ನು ಉಳಿಸಿಕೊಂಡ ಶಿಷ್ಟರೂಪದಿಂದ, ಇಲ್ಲವೆ ಅಂಥ ಓಕಾರವಿರುವ ಉಪಭಾಷೆಯಿಂದ ಹೋಗಿರಬೇಕೆಂದು ಅದು ಸೂಚಿಸುತ್ತದೆ. ಕಾಡುಪ್ರಾಣಿಯ ಹೆಸರನ್ನು ಬೇಟೆಗಾರ ಕೇಳಿದ್ದು ಕಾಡಂಚಿನ ಹಳ್ಳಿಗನಿಂದಲೋ ಕಚೇರಿಯ ದುಭಾಷಿಯಿಂದಲೋ ಎಂಬ ಪ್ರಶ್ನೆ ಹೀಗೆ ಧ್ವನಿವಿಜ್ಞಾನದ ಪ್ರಶ್ನೆಯೂ ಆಗುತ್ತದೆ.

6. ಅರ್ಥ

‘ಧೋಲ್’ ಎಂದರೆ ಕೆಂಗಂದು ಮೈಬಣ್ಣದ, ಪೊದೆಬಾಲದ, ಗುಂಪಾಗಿ ಬೇಟೆಯಾಡುವ ಏಷ್ಯಾದ ಕಾಡುನಾಯಿ. 1811ರಲ್ಲಿ ಪಲ್ಲಾಸ್ ಇದಕ್ಕೆ ಶಾಸ್ತ್ರೀಯ ನಾಮ ಕೊಟ್ಟನು. 1838ರಲ್ಲಿ ಹಾಡ್ಜ್‌ಸನ್ ಇದನ್ನು ‘ಕ್ಯೂಆನ್’ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದನು. ತೋಳ ‘ಕೇನಿಸ್’ ಕುಲದ್ದು. ಅಂದರೆ ಕನ್ನಡದ ಎರಡು ಹೆಸರುಗಳ ನಡುವಿನ ಗೆರೆ ಪ್ರಾಣಿಶಾಸ್ತ್ರದ ಎರಡು ಕುಲಗಳ ನಡುವಿನ ಗೆರೆಯ ಮೇಲೆಯೇ ಬೀಳುತ್ತದೆ.

ಧಾರವಾಡದೊಡನೆ ನಂಟಿದ್ದ ಕಿಟೆಲ್ ಅವರ 1894ರ ನಿಘಂಟಿನಲ್ಲಿಯೂ ಇಂದಿನ ಬಳಕೆಯಲ್ಲಿಯೂ ‘ತೋಳ’ಕ್ಕೆ ವೃಕವೆಂದೇ ಅರ್ಥ. ಎರಡನ್ನೂ ಬಲ್ಲ ಸಮುದಾಯ ಒಂದರ ಹೆಸರನ್ನು ಇನ್ನೊಂದಕ್ಕೆ ಇಡಲು ಕಾರಣ ಕಾಣುವುದಿಲ್ಲ. 2ರಲ್ಲಿ ಕಂಡಂತೆ ಕನ್ನಡಿಗರು ಸೀಳುನಾಯಿಯನ್ನು ನಾಯಿಯ ವರ್ಗಕ್ಕೆ ಸೇರಿಸಿದ್ದಾರೆ. ಆದ್ದರಿಂದ ಅರ್ಥಪಲ್ಲಟ ನಡೆದಿದ್ದರೆ ಅದು ಮಾತಾಡಿದವನಲ್ಲಿ ನಡೆಯದೆ ಕೇಳಿಸಿಕೊಂಡವನಲ್ಲಿ ನಡೆದಿರಬೇಕು. ಹೊರಗಿನವರು ಹೀಗೆ ಹೆಸರು ಬದಲಿಸಿದ ನಿದರ್ಶನ ಇದೇ ಕಾಡಿನಲ್ಲಿದೆ: ನಮ್ಮ ಕಾಡುಕೋಣವನ್ನು ಇಂಗ್ಲಿಷ್ ಬೇಟೆಗಾರರು ಅಮೆರಿಕ, ಯುರೋಪುಗಳ ‘ಬೈಸನ್’ ಹೆಸರಿನಿಂದ ಕರೆದರು. ಆದರೆ ಅಲ್ಲಿ ಹೆಸರು ಕೇಳಿಸಿಕೊಂಡವರ ಭಾಷೆಯಿಂದಲೇ ಬಂದಿತ್ತು. ಸ್ಥಳೀಯರ ಪದವನ್ನೇ ಪಡೆದು ಅದನ್ನು ತಪ್ಪು ಪ್ರಾಣಿಗೆ ಅಂಟಿಸಿದರೆಂಬುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಊಹೆ. ಅದು ಅಸಾಧ್ಯವಲ್ಲ, ಆದರೂ ಪ್ರತ್ಯೇಕ ಸಾಕ್ಷ್ಯ ಬೇಡುತ್ತದೆ.

7. ಕಾಲ ಮತ್ತು ದೇಶ

ಈ ಪದದ ಮೊದಲ ದಾಖಲೆಯೆಂದು ಸಾಮಾನ್ಯವಾಗಿ ಉಲ್ಲೇಖಿಸುವುದು 1807–08ರ ಸುಮಾರಿನ ‘ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್’ ಗ್ರಂಥವನ್ನು. ಅದರ ಕರ್ತೃ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ ಬಂಗಾಳದಲ್ಲಿ ಸೇವೆ ಸಲ್ಲಿಸಿದ ಸೈನಿಕ. ಅವನು ಈ ಪ್ರಾಣಿಯನ್ನು ಕಂಡುದು ರಾಮಗಢದಲ್ಲಿ, ಅಂದರೆ ಇಂದಿನ ಜಾರ್ಖಂಡದಲ್ಲಿ; ‘ಧೋಲ್’ ಎಂಬುದು ಅಲ್ಲಿನ ಜನರ ರೂಢಿಯ ಹೆಸರೆಂದು ಅವನು ಹೇಳುತ್ತಾನೆ.

ಕಾಲದ ದೃಷ್ಟಿಯಿಂದ ಕನ್ನಡಮೂಲಕ್ಕೆ ಅಡ್ಡಿಯಿಲ್ಲ. 1790–91ರಲ್ಲಿಯೇ ಕ್ಯಾಪ್ಟನ್ ಲಿಟಲ್‌ನ ಮುಂಬಯಿ ಪಡೆ ಮರಾಠರೊಡನೆ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿತ್ತು. 1799ರ ನಂತರ ಮೈಸೂರು ಮತ್ತು ಕರಾವಳಿಯಲ್ಲಿ ಇಂಗ್ಲಿಷರ ಸಂಪರ್ಕ ನಿರಂತರವಾಯಿತು. ಅಡ್ಡಿಯಿರುವುದು ದೇಶದ ದೃಷ್ಟಿಯಿಂದ. ರಾಮಗಢದ ಜನರ ಬಾಯಲ್ಲಿ ಕನ್ನಡದ ಪದ ಹೇಗೆ ಬಂತು? ಸಿಪಾಯಿಗಳ, ಬೇಟೆಯಾಳುಗಳ ಓಡಾಟದಿಂದ ಬಂದಿರಬಹುದೆನ್ನಬಹುದು. ಆದರೆ ಅದು ಊಹೆಯ ಮೇಲೆ ಊಹೆ. ಆ ಪ್ರದೇಶದಲ್ಲಿ ಮುಂಡಾ ಭಾಷೆಗಳೂ ದ್ರಾವಿಡ ಕುಟುಂಬದ ಕುರುಖ್ ಭಾಷೆಯೂ ಇವೆ. ಕುರುಖ್ ಭಾಷೆಯಲ್ಲಿ ಘೋಷಾದಿಯಾದ ಜ್ಞಾತಿಪದ ಸಿಕ್ಕರೆ ಧ್ವನಿಯ ತೊಡಕೂ ದೇಶದ ತೊಡಕೂ ಒಟ್ಟಿಗೆ ಬಗೆಹರಿಯುತ್ತವೆ. ಭಾಷೆ ಹತ್ತಿರವಿದೆಯೆಂಬುದಷ್ಟೇ ಸಾಲದು, ರೂಪವನ್ನು ತೋರಿಸಬೇಕು.

ನಂತರದ ಇತಿಹಾಸವೂ ಬೋಧಪ್ರದ. 1827ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಈ ಪದ ‘ಪೂರ್ವದ ಹಲವೆಡೆ’ಗಳ ಮಾತಿನದೆಂದನು; ಎರಡು ವರ್ಷಗಳ ನಂತರ ಹುಚ್ಚು ಎಂಬರ್ಥದ ತುರ್ಕಿಯ ‘ದೆಲಿ’ಗೂ ಡಚ್ಚಿನ ‘ದೋಲ್’ಗೂ ಇದನ್ನು ಗಂಟುಹಾಕಿದನು. ತುರ್ಕಿಯ ಪದಕ್ಕೂ ಜರ್ಮಾನಿಕ್ ಪದಕ್ಕೂ ಸಂಬಂಧವೇ ಇಲ್ಲ. ಕಿವಿಗೆ ಒಂದೇ ಬಗೆಯಾಗಿ ಕೇಳಿಸುತ್ತವೆಂಬುದೊಂದೇ ಅವನ ಆಧಾರ. 1831ರಲ್ಲಿ ದಖ್ಖನಿನ ಪ್ರಾಣಿಗಳನ್ನು ವರ್ಣಿಸಿದ ಸೈಕ್ಸ್ ಮರಾಠರ ಹೆಸರಾಗಿ ದಾಖಲಿಸಿದ್ದು ‘ಕೋಲ್ಸುನ್’ ಎಂಬುದನ್ನು. ಸ್ಮಿತ್‌ನ ನಂತರ ಸುಮಾರು ಎಂಟು ದಶಕಗಳಿಗೆ ಲೈಡೆಕ್ಕರ್, ಈ ಪ್ರಾಣಿ ವಾಸಿಸುವ ಸೀಮೆಗಳ ಜನ ‘ಧೋಲ್’ ಪದವನ್ನು ಬಳಸುವುದಿಲ್ಲವೆಂದು ಬರೆದನು. ಅಷ್ಟರಲ್ಲಿ ಕಿಪ್ಲಿಂಗ್‌ನ 1895ರ ‘ದಿ ಸೆಕೆಂಡ್ ಜಂಗಲ್ ಬುಕ್’ ಈ ನಾಯಿಗಳನ್ನು ದಖ್ಖನಿನಿಂದ ಬಂದವುಗಳೆಂದು ಚಿತ್ರಿಸಿ ಪದಕ್ಕೆ ಪ್ರಚಾರ ಕೊಟ್ಟಾಗಿತ್ತು. ದಖ್ಖನಿನೊಡನೆ ಈ ಪದಕ್ಕಿರುವ ನಂಟು ಓದುಗರ ಮನಸ್ಸಿನಲ್ಲಿ ಬೇರೂರಲು ಈ ಕಥೆಯೂ ಕಾರಣವಾಗಿರಬಹುದು. ಕಥೆಯ ಭೂಗೋಳ ವ್ಯುತ್ಪತ್ತಿಗೆ ಪ್ರಮಾಣವಾಗದು.

8. ಸಮಾರೋಪ

ನಾಲ್ಕು ನೆಲೆಗಳನ್ನು ಒಟ್ಟುಗೂಡಿಸಿದರೆ ಚಿತ್ರ ಹೀಗಿದೆ. ಓಕಾರ ಮತ್ತು ಳಕಾರಗಳು ಕನ್ನಡಮೂಲಕ್ಕೆ ಒಪ್ಪುತ್ತವೆ. ಅಂತ್ಯದ ಅಕಾರಲೋಪವನ್ನು ಮಧ್ಯವರ್ತಿ ಭಾಷೆಯ ನೆರವಿನಿಂದ ವಿವರಿಸಬಹುದು. ಆದಿಯ ಘೋಷಕ್ಕೆ ಆ ನೆರವು ಒದಗುವುದಿಲ್ಲ, ‘ಟೋಲಾ’ದ ನಿದರ್ಶನ ಅದಕ್ಕೆ ವಿರುದ್ಧವಾಗಿದೆ. ಅರ್ಥಪಲ್ಲಟ ಸಾಧ್ಯವಾದರೂ ನಿರಾಧಾರ. ಕಾಲ ಅನುಕೂಲ, ದೇಶ ಪ್ರತಿಕೂಲ. ‘ತ್ವಾಳ’ ರೂಪವು ಹಳ್ಳಿಯ ಬಾಯಿಯ ದಾರಿಯನ್ನು ಕಿರಿದಾಗಿಸುತ್ತದೆ. ಆದ್ದರಿಂದ ನಿಘಂಟಿನ ‘ಬಹುಶಃ’ ಉಳಿಯಬೇಕು; ಬೋಧನೆಯಲ್ಲಿಯೂ ಅದನ್ನು ಬಿಡದೆ ಹೇಳಬೇಕು.

ಸಂಶೋಧನಾರ್ಥಿಗಳಿಗೆ ಇಲ್ಲಿ ಮೂರು ಕೆಲಸಗಳು ಕಾದಿವೆ: 1807ಕ್ಕೆ ಹಿಂದಿನ ಇಂಗ್ಲಿಷ್ ಪ್ರವಾಸಕಥನ ಮತ್ತು ಸೈನಿಕರ ದಿನಚರಿಗಳಲ್ಲಿ ಈ ಪದವನ್ನು ಹುಡುಕುವುದು, ಛೋಟಾ ನಾಗಪುರದ ಭಾಷೆಗಳಲ್ಲಿ ಕಾಡುನಾಯಿ ಮತ್ತು ತೋಳದ ಹೆಸರುಗಳನ್ನು ಸಂಗ್ರಹಿಸುವುದು, ಕಲಘಟಗಿ, ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕಾಡಂಚಿನಲ್ಲಿ ಈ ಎರಡು ಪ್ರಾಣಿಗಳ ಹೆಸರುಗಳ ಉಪಭಾಷಾ ನಕ್ಷೆ ರಚಿಸುವುದು.

ಮೂರನೆಯದನ್ನು ತಡಮಾಡುವಂತಿಲ್ಲ. ಸೀಳುನಾಯಿ ಇಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅಪಾಯದಂಚಿನ ಪ್ರಾಣಿ. ಅದರ ಜೊತೆಗೆ ‘ಕೆನ್ನಾಯಿ’, ‘ಸೀಳುನಾಯಿ’ ಎಂಬ ಹೆಸರುಗಳ ಬಳಕೆಯೂ ಕನ್ನಡದ ಬರಹದಲ್ಲಿ ‘ಧೋಲ್’ಗೆ ಎಡೆಮಾಡಿಕೊಡುತ್ತಿದೆ. ಮೂಲ ಅನಿಶ್ಚಿತವಾದ ಒಂದು ಪದವನ್ನು ನಮ್ಮದೆಂದು ಹೇಳಿಕೊಳ್ಳುವ ಉತ್ಸಾಹದಲ್ಲಿ, ನಿಶ್ಚಯವಾಗಿ ನಮ್ಮವೇ ಆದ ಪದಗಳನ್ನು ಕೈಬಿಡದಿರುವುದು ಒಳಿತು.